ಅಕೌಂಟ್ ಪ್ರೈವೇಟ್ ಮಾಡಿದರೆ ಸಾಕಾ? ಸೋಶಿಯಲ್ ಮೀಡಿಯಾದಲ್ಲಿ ನಮ್ಮ ಮಾಹಿತಿಯನ್ನೂ ಬೇರೆಯವರ ಮಾಹಿತಿಯನ್ನೂ ಕಾಯುವ ಬಗೆ

"ಅಕೌಂಟ್ ಪ್ರೈವೇಟ್ ಮಾಡಿದ್ದೇನೆ, ಇನ್ನೇನಾದರೂ ಮಾಡಬೇಕಾ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ನಾನು ಏನೂ ಹಾಕುವುದೇ ಇಲ್ಲ. ಆದರೂ ನನ್ನ ಫೋಟೊ, ನಂಬರ್ ಎಲ್ಲೆಲ್ಲೋ ಸಿಗುತ್ತಿದೆಯಲ್ಲ, ಹೇಗೆ?" ಎರಡಕ್ಕೂ ಉತ್ತರ ಒಂದೇ. ನಿಮ್ಮ ಮಾಹಿತಿ ಇರುವುದು ನಿಮ್ಮ ಅಕೌಂಟ್‌ನಲ್ಲಿ ಮಾತ್ರ ಅಲ್ಲ, ನಿಮ್ಮನ್ನು ಬಲ್ಲವರ ಫೋನ್‌ಗಳಲ್ಲೂ ಇದೆ. ಅವರದ್ದು ನಿಮ್ಮ ಫೋನ್‌ನಲ್ಲಿದೆ.

ಚುನಾವಣಾ ಪ್ರಚಾರಕ್ಕೆ ಸಲಹೆ ಕೊಡುತ್ತಿದ್ದ ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಯ ಹಗರಣ 2018ರಲ್ಲಿ ಬಯಲಾದದ್ದು ನೆನಪಿದೆಯಲ್ವಾ? ಫೇಸ್‌ಬುಕ್‌ನಲ್ಲಿ ಒಂದು ವ್ಯಕ್ತಿತ್ವ ಪರೀಕ್ಷೆಯ ಆಪ್ ಇತ್ತು. ಅದನ್ನು ಬಳಸಿದವರು ಸುಮಾರು 2.7 ಲಕ್ಷ ಜನ. ಆದರೆ ಆಪ್ ಬಳಸಿದವರ ಸ್ನೇಹಿತರ ಮಾಹಿತಿಯನ್ನೂ ತೆಗೆದುಕೊಳ್ಳಲು ಆಗ ಅವಕಾಶವಿತ್ತು. ಕೊನೆಗೆ 8.7 ಕೋಟಿಯಷ್ಟು ಜನರ ಮಾಹಿತಿ ಕೇಂಬ್ರಿಜ್ ಅನಲಿಟಿಕಾಗೆ ಹೋಗಿರಬಹುದು ಎಂದು ಫೇಸ್‌ಬುಕ್ ಕಂಪನಿಯೇ ಹೇಳಿತು. ಅವರಲ್ಲಿ ಬಹುಪಾಲು ಜನ ಆ ಆಪ್ ಅನ್ನು ಮುಟ್ಟಿಯೇ ಇರಲಿಲ್ಲ. ಅವರ ಪರವಾಗಿ ಬೇರೆ ಯಾರೋ "ಸರಿ" ಎಂದು ಒತ್ತಿದ್ದರು.

ಹಾಗಾಗಿ ಈ ಲೇಖನದಲ್ಲಿ ಎರಡು ಕೆಲಸಗಳನ್ನು ಒಟ್ಟಿಗೇ ಹೇಳುತ್ತೇನೆ. ಒಂದು, ನಿಮ್ಮ ಅಕೌಂಟ್ ಭದ್ರ ಮಾಡಿಕೊಳ್ಳುವುದು. ಇನ್ನೊಂದು, ನಿಮ್ಮ ಕೈಯಿಂದ ಬೇರೆಯವರ ಗುಟ್ಟು ಹೊರಗೆ ಹೋಗದಂತೆ ನೋಡಿಕೊಳ್ಳುವುದು. ಎರಡನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಅದೇ ಮುಖ್ಯ ಅನ್ನಿಸುತ್ತದೆ.

ಶುರು ಮಾಡುವ ಮೊದಲು

ಒಂದೆರಡು ಗಂಟೆ ಬಿಡುವು ಮಾಡಿಕೊಳ್ಳಿ. ಫೋನ್, ನಿಮ್ಮ ಇಮೇಲ್‌ನ ಪಾಸ್‌ವರ್ಡ್, ಒಂದು ಹಾಳೆ, ಪೆನ್ನು ಬೇಕು. ಕಂಪ್ಯೂಟರ್ ಇದ್ದರೆ ಒಳ್ಳೆಯದು, ಕೆಲವು ಸೆಟ್ಟಿಂಗ್‌ಗಳನ್ನು ದೊಡ್ಡ ಪರದೆಯಲ್ಲಿ ಹುಡುಕುವುದು ಸುಲಭ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಪ್‌ಗಳಲ್ಲಿ ಮೆನುಗಳ ಹೆಸರು, ಜಾಗ ಆಗಾಗ ಬದಲಾಗುತ್ತವೆ. ಇಲ್ಲಿ ಹೇಳಿದ ಜಾಗದಲ್ಲಿ ಸಿಗದಿದ್ದರೆ ಗಾಬರಿ ಬೇಡ. ಸೆಟ್ಟಿಂಗ್ಸ್ ಒಳಗೆ ಹುಡುಕುವ ಪೆಟ್ಟಿಗೆ ಇದ್ದರೆ ಅಲ್ಲಿ ಪ್ರೈವೆಸಿ, ಟ್ಯಾಗ್, ಕಾಂಟ್ಯಾಕ್ಟ್ ಎಂಬ ಪದಗಳನ್ನು ಹಾಕಿ ನೋಡಿ, ಸಿಗುತ್ತದೆ.

1. ನಿಮ್ಮ ಅಕೌಂಟ್‌ಗಳು ಎಷ್ಟಿವೆ, ಪಟ್ಟಿ ಮಾಡಿ

ಈಗ ಬಳಸುತ್ತಿರುವುದು ಎಲ್ಲರಿಗೂ ನೆನಪಿರುತ್ತದೆ. ತೊಂದರೆ ಕೊಡುವುದು ಮರೆತುಹೋದವು. ಹಿಂದೆ ಯಾವಾಗಲೋ ತೆರೆದು ಬಿಟ್ಟ ಅಕೌಂಟ್‌ನಲ್ಲಿ ನಿಮ್ಮ ಹುಟ್ಟಿದ ದಿನ, ಓದಿದ ಶಾಲೆ, ಹಳೆಯ ಫೋಟೊಗಳು ಎಲ್ಲರಿಗೂ ಕಾಣುವಂತೆ ಈಗಲೂ ಕೂತಿರಬಹುದು. ನಿಮ್ಮ ಇಮೇಲ್ ತೆರೆದು ವೆಲ್‌ಕಮ್, ವೆರಿಫೈ ಎಂಬ ಇಂಗ್ಲಿಷ್ ಪದಗಳನ್ನು ಹಾಕಿ ಹುಡುಕಿ. ಎಲ್ಲೆಲ್ಲಿ ಸೇರಿಕೊಂಡಿದ್ದೀರಿ ಎಂಬುದು ತಿಳಿಯುತ್ತದೆ.

ಆಮೇಲೆ ಬ್ರೌಸರ್‌ನ ಪ್ರೈವೇಟ್ ವಿಂಡೋ ತೆರೆದು ನಿಮ್ಮ ಹೆಸರು ಹುಡುಕಿ ನೋಡಿ. ಪ್ರೈವೇಟ್ ವಿಂಡೋ ಅಂದರೆ ನೀವು ಯಾವ ಅಕೌಂಟ್‌ಗೂ ಲಾಗಿನ್ ಆಗಿರದ ಖಾಲಿ ಕಿಟಕಿ. ನಿಮ್ಮ ಪರಿಚಯ ಇಲ್ಲದವರಿಗೆ ಏನು ಕಾಣುತ್ತದೋ ಹೆಚ್ಚು ಕಡಿಮೆ ಅದೇ ನಿಮಗೂ ಅಲ್ಲಿ ಕಾಣುತ್ತದೆ. ಫೋನ್ ನಂಬರ್ ಮತ್ತು ಇಮೇಲ್ ವಿಳಾಸವನ್ನೂ ಹಾಗೇ ಹುಡುಕಿ.

ಇಲ್ಲಿ ಜನ ಎಡವುವುದು ಹಳೆಯ ಫೋನ್ ನಂಬರ್ ವಿಷಯದಲ್ಲಿ. ನೀವು ಬಿಟ್ಟ ನಂಬರ್ ಅನ್ನು ಕಂಪನಿ ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತದೆ. ಆ ನಂಬರ್ ಇನ್ನೂ ನಿಮ್ಮ ಅಕೌಂಟ್‌ಗೆ ಅಂಟಿಕೊಂಡಿದ್ದರೆ, "ಪಾಸ್‌ವರ್ಡ್ ಮರೆತಿದ್ದೇನೆ" ಎಂದು ಒತ್ತಿದಾಗ ಬರುವ ಕೋಡ್ ಅವರ ಕೈಗೆ ಹೋಗುತ್ತದೆ. ಪಟ್ಟಿ ಮಾಡಿದ ಪ್ರತಿ ಅಕೌಂಟ್‌ನಲ್ಲೂ ಯಾವ ನಂಬರ್, ಯಾವ ಇಮೇಲ್ ಇದೆ ಎಂದು ನೋಡಿ. ಹಳೆಯದಿದ್ದರೆ ಈಗಲೇ ತೆಗೆಯಿರಿ.

2. ಬೀಗ ಗಟ್ಟಿ ಮಾಡಿ, ಇಮೇಲ್‌ನಿಂದಲೇ ಶುರು ಮಾಡಿ

ಇಮೇಲ್ ಯಾರ ಕೈಯಲ್ಲಿದೆಯೋ ಉಳಿದ ಎಲ್ಲ ಅಕೌಂಟ್‌ಗಳೂ ಅವರ ಕೈಗೆ ಸಿಗುತ್ತವೆ. ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ ಅಲ್ವಾ? ಅದಕ್ಕೇ ಮೊದಲು ಇಮೇಲ್, ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಇತ್ಯಾದಿ.

ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಇಡಬೇಡಿ. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕದ್ದ ಮಾಹಿತಿ 2016ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ ಸುಮಾರು 11.7 ಕೋಟಿ ಜನರ ಇಮೇಲ್ ಮತ್ತು ಪಾಸ್‌ವರ್ಡ್‌ಗಳಿದ್ದವು. ಕಳ್ಳರು ಅಂಥ ಪಟ್ಟಿಯನ್ನು ಹಿಡಿದುಕೊಂಡು ಉಳಿದ ಸೈಟ್‌ಗಳಲ್ಲೂ ಅದೇ ಜೋಡಿಯನ್ನು ಹಾಕಿ ನೋಡುತ್ತಾರೆ. ಕೆಲಸವನ್ನೆಲ್ಲ ಪ್ರೋಗ್ರಾಂ ಮಾಡುವುದರಿಂದ ಸಾವಿರಾರು ಸಲ ಪ್ರಯತ್ನಿಸುವುದು ಅವರಿಗೆ ಕಷ್ಟವೇ ಅಲ್ಲ. ನಿಮ್ಮ ಇಮೇಲ್ ಇಂಥ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ತಿಳಿಯಲು "ಹ್ಯಾವ್ ಐ ಬೀನ್ ಪೋನ್ಡ್" ಎಂಬ ಸೈಟ್ ಇದೆ. ಭದ್ರತಾ ತಜ್ಞ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು. ಇಮೇಲ್ ವಿಳಾಸ ಹಾಕಿದರೆ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ತೋರಿಸುತ್ತದೆ.

ಇಷ್ಟೊಂದು ಪಾಸ್‌ವರ್ಡ್ ನೆನಪಿಡುವುದು ಹೇಗೆ? ನೆನಪಿಡಬೇಕಾಗಿಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಎಂಬ ಆಪ್‌ಗಳಿವೆ. ಪ್ರತಿ ಸೈಟ್‌ಗೂ ಬೇರೆ ಬೇರೆ ಪಾಸ್‌ವರ್ಡ್ ಮಾಡಿ, ಬೀಗ ಹಾಕಿ ಇಟ್ಟುಕೊಳ್ಳುತ್ತವೆ. ಅದರ ಒಂದು ಪಾಸ್‌ವರ್ಡ್ ಮಾತ್ರ ನೀವು ನೆನಪಿಟ್ಟರೆ ಸಾಕು. ಆ ಒಂದು ಉದ್ದವಾಗಿರಲಿ. ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನಿಮಗೆ ನೆನಪಿಡಲು ಸುಲಭ, ಬೇರೆಯವರಿಗೆ ಊಹಿಸಲು ಕಷ್ಟ.

ಮುಂದಿನದು ಎರಡು ಹಂತದ ಪರಿಶೀಲನೆ. ಪಾಸ್‌ವರ್ಡ್ ಹಾಕಿದ ಮೇಲೂ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ ಇದು. ಕೋಡ್ ಎಸ್‌ಎಂಎಸ್‌ನಲ್ಲಿ ಬರಬಹುದು, ಅಥವಾ ಅಥೆಂಟಿಕೇಟರ್ ಎಂಬ ಆಪ್‌ನಲ್ಲಿ ಕಾಣಬಹುದು. ಏನೂ ಇಲ್ಲದಿರುವುದಕ್ಕಿಂತ ಎಸ್‌ಎಂಎಸ್ ಎಷ್ಟೋ ವಾಸಿ. ಆದರೆ ಅಥೆಂಟಿಕೇಟರ್ ಆಪ್ ಹೆಚ್ಚು ಭದ್ರ. ಕಾರಣ, ಫೋನ್ ನಂಬರ್ ಅನ್ನೇ ಕದಿಯುವ ದಾರಿ ಇದೆ. ಮೋಸಗಾರರು ಫೋನ್ ಕಂಪನಿಯನ್ನು ನಂಬಿಸಿ ನಿಮ್ಮ ನಂಬರ್ ಅನ್ನು ತಮ್ಮ ಸಿಮ್‌ಗೆ ಹಾಕಿಸಿಕೊಳ್ಳುತ್ತಾರೆ. ಇದನ್ನು ಸಿಮ್ ಸ್ವಾಪ್ ಎನ್ನುತ್ತಾರೆ. 2019ರ ಆಗಸ್ಟ್‌ನಲ್ಲಿ ಟ್ವಿಟರ್‌ನ ಆಗಿನ ಮುಖ್ಯಸ್ಥ ಜ್ಯಾಕ್ ಡಾರ್ಸಿ ಅವರ ನಂಬರ್ ಹೀಗೆ ಬೇರೆಯವರ ಕೈಗೆ ಹೋಯಿತು. ಎಸ್‌ಎಂಎಸ್ ಕಳಿಸಿ ಟ್ವೀಟ್ ಮಾಡುವ ಸೌಲಭ್ಯ ಆಗ ಇತ್ತು. ಅದನ್ನೇ ಬಳಸಿ ಅವರ ಅಕೌಂಟ್‌ನಲ್ಲಿ ಕೆಟ್ಟ ಟ್ವೀಟ್‌ಗಳನ್ನು ಹಾಕಿದರು. ಕಂಪನಿಯ ಮುಖ್ಯಸ್ಥರಿಗೇ ಹೀಗಾಗಿದೆ ಎಂದ ಮೇಲೆ ನಂಬರ್ ಒಂದನ್ನೇ ನೆಚ್ಚಿಕೊಳ್ಳುವುದು ಬೇಡ.

ಎರಡು ಹಂತ ಶುರು ಮಾಡಿದಾಗ ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತಾರೆ. ಫೋನ್ ಕಳೆದುಹೋದ ದಿನ ಅಕೌಂಟ್ ಒಳಗೆ ಹೋಗಲು ಅವೇ ದಾರಿ. ಮೊದಲು ಹೇಳಿದ ಹಾಳೆ ಬೇಕಾಗುವುದು ಇದಕ್ಕೇ. ಬರೆದು ಮನೆಯಲ್ಲಿ ಜೋಪಾನವಾಗಿಡಿ. ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನ್‌ನಲ್ಲಿ ಇಟ್ಟರೆ ಪ್ರಯೋಜನವಿಲ್ಲ.

ವಾಟ್ಸ್‌ಆಪ್‌ಗೂ ಆರು ಅಂಕಿಯ ಪಿನ್ ಇಡಬಹುದು. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್, ಅದರೊಳಗೆ ಟು-ಸ್ಟೆಪ್ ವೆರಿಫಿಕೇಶನ್. ಇದನ್ನು ದಯವಿಟ್ಟು ಮಾಡಿ. "ತಪ್ಪಿ ನಿನ್ನ ನಂಬರ್‌ಗೆ ಒಂದು ಕೋಡ್ ಕಳಿಸಿಬಿಟ್ಟೆ, ಸ್ವಲ್ಪ ಹೇಳ್ತೀಯಾ?" ಎಂದು ಪರಿಚಯದವರ ಹೆಸರಿನಿಂದಲೇ ಮೆಸೇಜ್ ಬರುತ್ತದೆ. ಅದು ನಿಮ್ಮ ವಾಟ್ಸ್‌ಆಪ್ ಅನ್ನು ಬೇರೆ ಫೋನ್‌ನಲ್ಲಿ ತೆರೆಯುವ ಕೋಡ್. ಕೇಳುತ್ತಿರುವವರು ನಿಮ್ಮ ಗೆಳೆಯರಲ್ಲ, ಅವರ ಅಕೌಂಟ್ ಕದ್ದವರು. ಕೋಡ್ ಅನ್ನು ಯಾರಿಗೂ, ಯಾವ ಕಾರಣಕ್ಕೂ ಹೇಳಬೇಡಿ. ಮೆಸೇಜ್ ಮಾಡಿದವರಿಗೆ ಫೋನ್ ಮಾಡಿ ಧ್ವನಿ ಕೇಳಿ.

ಹಾಗೇ ಲಿಂಕ್ಡ್ ಡಿವೈಸಸ್ ಎಂಬ ಜಾಗವನ್ನೂ ನೋಡಿ. ನಿಮ್ಮ ವಾಟ್ಸ್‌ಆಪ್ ಬೇರೆ ಯಾವ ಕಂಪ್ಯೂಟರ್‌ನಲ್ಲಿ ತೆರೆದಿದೆ ಎಂದು ಅಲ್ಲಿ ಕಾಣುತ್ತದೆ. ಗೊತ್ತಿಲ್ಲದ್ದು ಇದ್ದರೆ ಅಲ್ಲಿಂದಲೇ ಲಾಗೌಟ್ ಮಾಡಿ. ಮನೆಯೊಳಗಿನ ಕಣ್ಣುಗಳಿಂದ ತೊಂದರೆ ಇರುವವರು ಇದನ್ನು ಮೊದಲು ನೋಡಬೇಕು.

3. ಯಾರು ಏನು ನೋಡಬಹುದು ಎಂದು ಗೊತ್ತುಮಾಡಿ

ಫೇಸ್‌ಬುಕ್‌ನಲ್ಲಿ ನಾಲ್ಕು ಜಾಗ ನೋಡಿ. ಮುಂದೆ ಹಾಕುವ ಪೋಸ್ಟ್‌ಗಳು ಯಾರಿಗೆ ಕಾಣಬೇಕು ಎಂಬುದು ಮೊದಲನೆಯದು. ಅದನ್ನು ಫ್ರೆಂಡ್ಸ್ ಎಂದು ಇಡಿ. ಇದರಿಂದ ಹಳೆಯ ಪೋಸ್ಟ್‌ಗಳು ಬದಲಾಗುವುದಿಲ್ಲ, ಅದಕ್ಕೆ ಲಿಮಿಟ್ ಪಾಸ್ಟ್ ಪೋಸ್ಟ್ಸ್ ಎಂಬ ಬೇರೆ ಗುಂಡಿ ಇದೆ. ಎಲ್ಲರಿಗೂ ಕಾಣುತ್ತಿದ್ದ ಹಳೆಯ ಪೋಸ್ಟ್‌ಗಳೆಲ್ಲ ಒಂದೇ ಏಟಿಗೆ ಸ್ನೇಹಿತರಿಗೆ ಮಾತ್ರ ಕಾಣುವಂತಾಗುತ್ತವೆ. ಮೂರನೆಯದು ಸ್ನೇಹಿತರ ಪಟ್ಟಿ. ಅದನ್ನು ಓನ್ಲಿ ಮಿ ಮಾಡಿ. ನಿಮ್ಮ ಹೆಸರು, ಫೋಟೊ ಬಳಸಿ ನಕಲಿ ಅಕೌಂಟ್ ತೆರೆಯುವವರಿಗೆ ಬೇಕಿರುವುದು ಈ ಪಟ್ಟಿಯೇ. ದುಡ್ಡು ಕೇಳಿ ಮೆಸೇಜ್ ಕಳಿಸುವುದು ಅದರಲ್ಲಿರುವವರಿಗೇ.

ನಾಲ್ಕನೆಯದು, ನಿಮ್ಮ ಫೋನ್ ನಂಬರ್ ಹಾಕಿ ನಿಮ್ಮನ್ನು ಯಾರು ಹುಡುಕಬಹುದು ಎಂಬುದು. 2021ರಲ್ಲಿ ಸುಮಾರು 53.3 ಕೋಟಿ ಫೇಸ್‌ಬುಕ್ ಬಳಕೆದಾರರ ಮಾಹಿತಿ, ಹೆಚ್ಚಿನವರ ಫೋನ್ ನಂಬರ್ ಸಮೇತ, ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗತೊಡಗಿತು. ಕಾಂಟ್ಯಾಕ್ಟ್ ಪಟ್ಟಿ ಹಾಕಿ ಗೆಳೆಯರನ್ನು ಹುಡುಕುವ ಸೌಲಭ್ಯವನ್ನು 2019ರ ಸೆಪ್ಟೆಂಬರ್‌ಗಿಂತ ಮೊದಲೇ ಯಾರೋ ದುರುಪಯೋಗ ಮಾಡಿ ಅದನ್ನು ಬಾಚಿಕೊಂಡಿದ್ದರು ಎಂದು ಕಂಪನಿ ಹೇಳಿತು. ಇದನ್ನೂ ಓನ್ಲಿ ಮಿ ಮಾಡಿ.

ಇನ್‌ಸ್ಟಾಗ್ರಾಂನಲ್ಲಿ ಅಕೌಂಟ್ ಪ್ರೈವೇಟ್ ಮಾಡುವುದು ಸುಲಭ. ಆದರೆ ಆಮೇಲೂ ಕೆಲವು ಸಂಗತಿಗಳು ಬಯಲಲ್ಲೇ ಇರುತ್ತವೆ: ನಿಮ್ಮ ಹೆಸರು, ಪ್ರೊಫೈಲ್ ಫೋಟೊ, ಬಯೋದಲ್ಲಿ ಬರೆದದ್ದು. ಆಗಲೇ ಫಾಲೋ ಮಾಡುತ್ತಿರುವವರೂ ಹಾಗೇ ಉಳಿಯುತ್ತಾರೆ. ಪಟ್ಟಿ ತೆರೆದು ಒಬ್ಬೊಬ್ಬರನ್ನೇ ನೋಡಿ. ಗುರುತು ಹತ್ತದವರನ್ನು ರಿಮೂವ್ ಮಾಡಿ, ಅವರಿಗೆ ಅದರ ಸೂಚನೆ ಹೋಗುವುದಿಲ್ಲ.

ವಾಟ್ಸ್‌ಆಪ್‌ನಲ್ಲಿ ಪ್ರೊಫೈಲ್ ಫೋಟೊ, ಲಾಸ್ಟ್ ಸೀನ್, ಸ್ಟೇಟಸ್ ಮತ್ತು ಗ್ರೂಪ್‌ಗೆ ಸೇರಿಸುವ ಅನುಮತಿ, ಈ ನಾಲ್ಕನ್ನೂ ಮೈ ಕಾಂಟ್ಯಾಕ್ಟ್ಸ್ ಎಂದು ಇಡಿ.

ಇನ್ನು ಬಹಳ ಜನ ಗಮನಿಸದ ಒಂದು ವಿಷಯ. ಬೇರೆಯವರ ಪೋಸ್ಟ್‌ಗೆ ನೀವು ಹಾಕಿದ ಕಾಮೆಂಟ್ ಯಾರಿಗೆ ಕಾಣಬೇಕು ಎಂದು ತೀರ್ಮಾನಿಸುವುದು ಪೋಸ್ಟ್ ಹಾಕಿದವರು. ನಿಮ್ಮ ಅಕೌಂಟ್‌ಗೆ ಎಷ್ಟೇ ಬೀಗ ಹಾಕಿದ್ದರೂ ಪಬ್ಲಿಕ್ ಪೋಸ್ಟ್‌ನ ಕೆಳಗೆ ಬರೆದದ್ದು ಎಲ್ಲರಿಗೂ ಕಾಣುತ್ತದೆ. "ನನಗೂ ಇದೇ ಕಾಯಿಲೆ ಇದೆ, ಯಾವ ಮಾತ್ರೆ ತಗೊಂಡ್ರಿ?" ಎಂದು ಸುಮ್ನೆ ಕೇಳಿದ ಪ್ರಶ್ನೆ ಎಷ್ಟೋ ಕಾಲದ ನಂತರ ಯಾರ ಕಣ್ಣಿಗಾದರೂ ಬೀಳಬಹುದು. ಕಾಮೆಂಟ್ ಬರೆಯುವ ಮೊದಲು ಪೋಸ್ಟ್‌ನ ಮೇಲ್ಭಾಗ ನೋಡಿ. ಅಲ್ಲಿ ಭೂಗೋಳದ ಚಿಹ್ನೆ ಇದ್ದರೆ ಅದು ಪಬ್ಲಿಕ್.

ಟ್ಯಾಗ್ ಕೂಡ ಹೀಗೇ. ಫೇಸ್‌ಬುಕ್‌ನಲ್ಲಿ ಒಬ್ಬರನ್ನು ಟ್ಯಾಗ್ ಮಾಡಿದರೆ ಆ ಪೋಸ್ಟ್ ಅವರ ಸ್ನೇಹಿತರಿಗೂ ಕಾಣಬಹುದು. ಟ್ಯಾಗ್‌ಗಳನ್ನು ನೀವು ಒಪ್ಪಿದ ಮೇಲೆಯೇ ನಿಮ್ಮ ಪುಟದಲ್ಲಿ ತೋರಿಸುವಂತೆ ಮಾಡುವ ಸೆಟ್ಟಿಂಗ್ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರಲ್ಲೂ ಇದೆ. ಆನ್ ಮಾಡಿ.

4. ಫೋಟೊ ಹಾಕುವ ಮೊದಲು ಅದರೊಳಗೆ ಏನಿದೆ ನೋಡಿ

ಫೋನ್ ತೆಗೆದ ಪ್ರತಿ ಫೋಟೊದೊಳಗೂ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ. ತೆಗೆದ ದಿನ, ಹೊತ್ತು, ಫೋನ್‌ನ ಮಾದರಿ ಅದರಲ್ಲಿರುತ್ತವೆ. ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗವೂ ಇರುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. 2012ರಲ್ಲಿ ಆಂಟಿವೈರಸ್ ಉದ್ಯಮಿ ಜಾನ್ ಮೆಕಾಫಿ ಪೊಲೀಸರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದಾಗ ಒಂದು ಪತ್ರಿಕೆ ಅವರ ಜೊತೆಗಿನ ಫೋಟೊ ಹಾಕಿತು. ಫೋಟೊದೊಳಗಿನ ಆ ಚೀಟಿಯಿಂದ ಅವರು ಗ್ವಾಟೆಮಾಲಾದಲ್ಲಿದ್ದಾರೆ ಎಂಬುದು ಎಲ್ಲರಿಗೂ ಗೊತ್ತಾಯಿತು.

ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ದೊಡ್ಡ ಸೈಟ್‌ಗಳು ಫೋಟೊವನ್ನು ಬೇರೆಯವರಿಗೆ ತೋರಿಸುವಾಗ ಈ ಚೀಟಿಯನ್ನು ತೆಗೆದುಹಾಕುತ್ತವೆ. ಆದರೆ ಇಮೇಲ್‌ನಲ್ಲಿ ಕಳಿಸಿದಾಗ, ಚಾಟ್‌ನಲ್ಲಿ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸಿದಾಗ ಅದು ಹಾಗೇ ಹೋಗುತ್ತದೆ. ಗುರುತಿಲ್ಲದವರಿಗೆ ಸಾಮಾನು ಮಾರುವಾಗ ಮನೆಯಲ್ಲಿ ತೆಗೆದ ಫೋಟೊ ಕಳಿಸುತ್ತೀರಲ್ಲ, ಆಗ ಇದು ನೆನಪಿರಲಿ. ಕ್ಯಾಮೆರಾ ಆಪ್‌ಗೆ ಕೊಟ್ಟ ಲೊಕೇಶನ್ ಅನುಮತಿ ತೆಗೆದುಬಿಟ್ಟರೆ ಮುಂದೆ ತೆಗೆಯುವ ಫೋಟೊಗಳಲ್ಲಿ ಜಾಗ ದಾಖಲಾಗುವುದಿಲ್ಲ.

ಕಣ್ಣಿಗೆ ಕಾಣುವುದೂ ಕಡಿಮೆ ಏನಲ್ಲ. ಮಗುವಿನ ಯೂನಿಫಾರ್ಮ್ ಮೇಲಿನ ಶಾಲೆಯ ಗುರುತು, ಗಾಡಿಯ ನಂಬರ್ ಪ್ಲೇಟ್, ಮೇಜಿನ ಮೇಲಿನ ಕಾಗದ, ವಿಮಾನದ ಬೋರ್ಡಿಂಗ್ ಪಾಸ್. ಬೋರ್ಡಿಂಗ್ ಪಾಸ್‌ನ ಬಾರ್‌ಕೋಡ್‌ನಲ್ಲಿ ನಿಮ್ಮ ಹೆಸರು ಮತ್ತು ಬುಕಿಂಗ್ ಸಂಖ್ಯೆ ಇರುತ್ತದೆ. ಹಲವು ಕಡೆ ಅವೆರಡಿದ್ದರೆ ನಿಮ್ಮ ಟಿಕೆಟ್ ವಿವರ ತೆರೆಯಬಹುದು.

ಮುಚ್ಚುವಾಗ ಆಗುವ ತಪ್ಪು ಒಂದಿದೆ. ಫೋನ್‌ನಲ್ಲಿ ಮಾರ್ಕರ್ ಬ್ರಷ್‌ನಿಂದ ನಂಬರ್ ಮೇಲೆ ಎರಡು ಸಲ ಗೀಚುತ್ತೇವೆ, ಕಪ್ಪಾಗಿ ಕಾಣುತ್ತದೆ. ಆ ಬ್ರಷ್ ಸ್ವಲ್ಪ ಪಾರದರ್ಶಕವಾಗಿದ್ದರೆ ಬೆಳಕು ಹೆಚ್ಚಿಸಿದ ಕೂಡಲೇ ಅಡಿಯ ಅಂಕಿಗಳು ಕಾಣುತ್ತವೆ. ಪೂರ್ತಿ ಕಪ್ಪು ಚೌಕ ಇಟ್ಟು ಮುಚ್ಚಿ. ಕತ್ತರಿಸಿ ತೆಗೆಯಲು ಆಗುವಂತಿದ್ದರೆ ಇನ್ನೂ ಒಳ್ಳೆಯದು. ಕತ್ತರಿಸಿದ್ದೂ ಯಾವಾಗಲೂ ಹೋಗಿರುತ್ತದೆ ಎನ್ನುವ ಹಾಗಿಲ್ಲ. ಗೂಗಲ್ ಪಿಕ್ಸೆಲ್ ಫೋನ್‌ಗಳಲ್ಲಿ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್‌ನ ಉಳಿದ ಭಾಗವನ್ನು ಮರಳಿ ಪಡೆಯಬಹುದಾದ ದೋಷ 2023ರಲ್ಲಿ ಹೊರಬಿತ್ತು. ಅದನ್ನು ಸರಿಪಡಿಸಿದ್ದಾರೆ, ಆದರೆ ಅದಕ್ಕಿಂತ ಮೊದಲು ಕಳಿಸಿದ ಚಿತ್ರಗಳು ಸರಿಯಾಗುವುದಿಲ್ಲ. ಫೋನ್ ಅಪ್‌ಡೇಟ್ ಮುಂದೂಡಬೇಡಿ ಎನ್ನುವುದು ಇದಕ್ಕೇ.

ಇರುವ ಜಾಗದ ಬಗ್ಗೆ ಒಂದೇ ಮಾತು: ಅಲ್ಲಿಂದ ಹೊರಟ ಮೇಲೆ ಫೋಟೊ ಹಾಕಿ. ಓಡುವ, ಸೈಕಲ್ ತುಳಿಯುವ ದಾರಿ ದಾಖಲಿಸುವ ಆಪ್ ಇದ್ದರೆ ಮನೆಯ ಸುತ್ತಲಿನ ಭಾಗ ಕಾಣದಂತೆ ಮಾಡಿ. 2018ರಲ್ಲಿ ಸ್ಟ್ರಾವಾ ಆಪ್‌ನ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳು ಹೊಳೆದು, ಸೇನಾ ನೆಲೆಗಳ ಆಕಾರವೇ ಕಾಣುವಂತಾಗಿತ್ತು. ಯಾರ ಹೆಸರೂ ಅದರಲ್ಲಿ ಇರಲಿಲ್ಲ.

5. ನಿಮ್ಮ ಫೋನ್‌ನಲ್ಲಿರುವ ಬೇರೆಯವರು

ಇಲ್ಲಿ ಸೆಟ್ಟಿಂಗ್ ಕಡಿಮೆ, ಕೇಳುವ ಅಭ್ಯಾಸ ಜಾಸ್ತಿ ಬೇಕು.

ಕಾಂಟ್ಯಾಕ್ಟ್ ಪಟ್ಟಿಯಿಂದ ಶುರು ಮಾಡಿ. ಹೊಸ ಆಪ್ ಹಾಕಿದ ಕೂಡಲೇ "ನಿಮ್ಮ ಗೆಳೆಯರನ್ನು ಹುಡುಕಲೇ?" ಎಂದು ಕೇಳುತ್ತದೆ. ಒಪ್ಪಿದರೆ ನಿಮ್ಮ ಫೋನ್‌ನಲ್ಲಿರುವ ಎಲ್ಲರ ಹೆಸರು, ನಂಬರ್ ಆ ಕಂಪನಿಗೆ ಹೋಗುತ್ತವೆ. ನಿಮ್ಮ ಡಾಕ್ಟರ್, ಗಂಡನ ಮನೆ ಬಿಟ್ಟು ಹೊಸ ನಂಬರ್ ತೆಗೆದುಕೊಂಡ ಗೆಳತಿ, ಎಲ್ಲರೂ ಅದರಲ್ಲಿ ಸೇರುತ್ತಾರೆ. ಬೇಡ ಎಂದು ಒತ್ತಿ. ಆಗಲೇ ಕೊಟ್ಟಿದ್ದರೆ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ನ ಕಾಂಟ್ಯಾಕ್ಟ್ ಅನುಮತಿ ತೆಗೆಯಿರಿ. ಅಷ್ಟೇ ಮಾಡಿದರೆ ಆಗಲೇ ಹೋದದ್ದು ಅಳಿಯುವುದಿಲ್ಲ. ಆಪ್‌ನೊಳಗೆ ಅಪ್‌ಲೋಡ್ ಆದ ಕಾಂಟ್ಯಾಕ್ಟ್‌ಗಳನ್ನು ಡಿಲೀಟ್ ಮಾಡುವ ಜಾಗ ಬೇರೆ ಇರುತ್ತದೆ. ಅದನ್ನೂ ಹುಡುಕಿ ಒತ್ತಿ.

ವಾಟ್ಸ್‌ಆಪ್ ಗ್ರೂಪ್ ಮಾಡುವಾಗಲೂ ಇದೇ ಯೋಚನೆ ಇರಲಿ. ಒಬ್ಬರನ್ನು ಗ್ರೂಪ್‌ಗೆ ಸೇರಿಸಿದರೆ ಅವರ ನಂಬರ್ ಅಲ್ಲಿರುವ ಎಲ್ಲರಿಗೂ ಸಿಗುತ್ತದೆ. ಸುಮ್ನೆ ಒಂದು ಆಮಂತ್ರಣ ಕಳಿಸಲು ಗ್ರೂಪ್ ಬೇಕಿಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಒಂದೇ ಮೆಸೇಜ್ ಎಲ್ಲರಿಗೂ ಬೇರೆ ಬೇರೆಯಾಗಿ ಹೋಗುತ್ತದೆ. ಆದರೆ ನಿಮ್ಮ ನಂಬರ್ ಅನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ಫೋಟೊ ವಿಷಯದಲ್ಲಿ, ಹಾಕುವ ಮೊದಲು ಕೇಳಿ. "ಫೋಟೊ ಹಾಕಲಾ?" ಎಂದಷ್ಟೇ ಕೇಳಿದರೆ ಸಾಲದು. ಯಾವ ಫೋಟೊ, ಎಲ್ಲಿ, ಯಾರು ನೋಡುತ್ತಾರೆ, ಇದನ್ನೂ ಹೇಳಿ: "ನಾವು ನಾಲ್ವರೂ ಇರುವ ಈ ಫೋಟೊನ ಇನ್‌ಸ್ಟಾಗ್ರಾಂನಲ್ಲಿ ಹಾಕ್ತೀನಿ, ನನ್ನ ಅಕೌಂಟ್ ಪಬ್ಲಿಕ್ ಇದೆ, ಪರವಾಗಿಲ್ವಾ?" ಉತ್ತರ ಬರದಿದ್ದರೆ ಒಪ್ಪಿಗೆ ಎಂದುಕೊಳ್ಳಬೇಡಿ. ಕ್ಯಾಮೆರಾ ನೋಡಿ ನಕ್ಕವರು ಫೋಟೊ ತೆಗೆಯಲು ಒಪ್ಪಿದ್ದಾರೆ ಅಷ್ಟೇ, ಎಲ್ಲರಿಗೂ ತೋರಿಸಲು ಒಪ್ಪಿಲ್ಲ. ಆಮೇಲೆ ಯಾರಾದರೂ "ತೆಗೆದುಬಿಡು" ಎಂದರೆ ಕಾರಣ ಕೇಳದೆ ತೆಗೆಯಿರಿ. ಕಾರಣ ಹೇಳಲಾಗದ ಪರಿಸ್ಥಿತಿ ಅವರದ್ದಾಗಿರಬಹುದು. ಯಾರಿಂದಲೋ ತಲೆಮರೆಸಿಕೊಂಡು ಬದುಕುತ್ತಿರುವವರಿಗೆ ಒಂದು ಗುಂಪಿನ ಫೋಟೊ ಸಾಕು, ಎಲ್ಲಿದ್ದಾರೆಂದು ಗೊತ್ತಾಗಲು.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮಾತಾಡಲು ಬರುವ ಮಗುವನ್ನು ಕೇಳಬಹುದು. "ಬೇಡ" ಎಂದರೆ ಹಾಕಬೇಡಿ. ಮಾತು ಬಾರದ ಮಗುವಿನ ಫೋಟೊ ಹಾಕುವುದಾದರೆ, ಅದು ದೊಡ್ಡದಾಗಿ ಇದನ್ನು ನೋಡಿದಾಗ ಏನನ್ನಿಸಬಹುದು ಎಂದು ಯೋಚಿಸಿ. ಸ್ನಾನದ ಫೋಟೊ, ಅಳುವ ವಿಡಿಯೊ, ಅಂಕಪಟ್ಟಿ, ಆಸ್ಪತ್ರೆಯ ಹಾಸಿಗೆ ಬೇಡವೇ ಬೇಡ. ಪೂರ್ತಿ ಹೆಸರು, ಹುಟ್ಟಿದ ದಿನ, ಶಾಲೆ, ಈ ಮೂರೂ ಒಂದೇ ಕಡೆ ಸಿಗದಂತೆ ನೋಡಿಕೊಳ್ಳಿ. ಬೇರೆಯವರ ಮಗು ಫೋಟೊದಲ್ಲಿದ್ದರೆ ಅದರ ತಂದೆತಾಯಿಯನ್ನು ಕೇಳಿ. ಹೆಚ್ಚಿನ ಸೈಟ್‌ಗಳು 13 ವರ್ಷ ತುಂಬದವರಿಗೆ ಅಕೌಂಟ್ ತೆರೆಯಲು ಬಿಡುವುದಿಲ್ಲ, ಕೆಲವು ದೇಶಗಳಲ್ಲಿ ಈ ವಯಸ್ಸು ಇನ್ನೂ ಹೆಚ್ಚು. ಸುಳ್ಳು ವಯಸ್ಸು ಹಾಕಿ ತೆರೆದುಕೊಟ್ಟರೆ ಮಕ್ಕಳಿಗೆಂದೇ ಇರುವ ರಕ್ಷಣೆಯ ಸೆಟ್ಟಿಂಗ್‌ಗಳು ಆ ಮಗುವಿಗೆ ಸಿಗುವುದಿಲ್ಲ.

ಸುದ್ದಿಗೂ ಒಡೆಯರಿರುತ್ತಾರೆ. ಬಸಿರು, ಕಾಯಿಲೆ, ಕೆಲಸ ಹೋದದ್ದು, ಮದುವೆ ಮುರಿದದ್ದು, ಸಾವು. ಇವನ್ನು ಮೊದಲು ಹೇಳುವ ಹಕ್ಕು ಯಾರ ಬದುಕಿನಲ್ಲಿ ಅದು ನಡೆದಿದೆಯೋ ಅವರದ್ದು, ಸಾವಿನ ಸುದ್ದಿಯಾದರೆ ಮನೆಯವರದ್ದು. ಮನೆಯವರೇ ಇನ್ನೂ ತಿಳಿಸಿಲ್ಲದಿರುವಾಗ ನೀವು ಶ್ರದ್ಧಾಂಜಲಿ ಹಾಕಿದರೆ ದೂರದಲ್ಲಿರುವ ಮಗನಿಗೋ ಮಗಳಿಗೋ ವಿಷಯ ಮೊದಲು ತಿಳಿಯುವುದು ನಿಮ್ಮ ಸ್ಟೇಟಸ್‌ನಿಂದ. ಹುಟ್ಟುಹಬ್ಬದ ಶುಭಾಶಯ ಕೂಡ ಕೆಲವರಿಗೆ ಪಬ್ಲಿಕ್ ಆಗಿ ಬೇಡವಾಗಿರುತ್ತದೆ.

ಕೊನೆಗೆ ಚಾಟ್‌ನ ಸ್ಕ್ರೀನ್‌ಶಾಟ್. ವಾಟ್ಸ್‌ಆಪ್ 2016ರಿಂದ ಎಲ್ಲ ಮೆಸೇಜ್‌ಗಳನ್ನೂ ಎಂಡ್-ಟು-ಎಂಡ್ ಎನ್‌ಕ್ರಿಪ್ಟ್ ಮಾಡುತ್ತದೆ. ಅಂದರೆ ಮೆಸೇಜ್ ದಾರಿಯಲ್ಲಿ ಹೋಗುವಾಗ ಬೇರೆ ಯಾರೂ, ಕಂಪನಿಯವರೂ ಓದಲಾಗದಂತೆ ಅದನ್ನು ಗೂಢಲಿಪಿಗೆ ತಿರುಗಿಸುತ್ತದೆ. ಆದರೆ ಆ ತುದಿಯಲ್ಲಿ ಓದಿದವರು ಅದನ್ನು ಇನ್ನೊಬ್ಬರಿಗೆ ತೋರಿಸುವುದನ್ನು ಯಾವ ತಂತ್ರಜ್ಞಾನವೂ ತಡೆಯುವುದಿಲ್ಲ. ತಾನಾಗಿ ಅಳಿಯುವ ಮೆಸೇಜ್ ಇದ್ದರೂ ಇನ್ನೊಂದು ಫೋನ್‌ನಿಂದ ಫೋಟೊ ತೆಗೆಯಬಹುದು. ನಿಮ್ಮ ಗುಟ್ಟು ಉಳಿಯುವುದು ಎದುರಿನವರ ನಿಯತ್ತಿನಿಂದ, ಅವರದ್ದು ನಿಮ್ಮ ನಿಯತ್ತಿನಿಂದ. ಬೆದರಿಕೆ, ಮೋಸ, ಕಿರುಕುಳದ ಮೆಸೇಜ್ ಬಂದಿದ್ದರೆ ಸಾಕ್ಷಿಗಾಗಿ ಸ್ಕ್ರೀನ್‌ಶಾಟ್ ತೆಗೆಯಲೇಬೇಕು, ಅದು ಬೇರೆ ಮಾತು.

ಚಾಟ್‌ನ ಬ್ಯಾಕಪ್‌ಗೆ ಈ ರಕ್ಷಣೆ ಬೇಕಾದರೆ ಬೇರೆಯಾಗಿ ಆನ್ ಮಾಡಬೇಕಾಗಬಹುದು. 2021ರಿಂದ ಆ ಆಯ್ಕೆ ಇದೆ. ಚಾಟ್ ಬ್ಯಾಕಪ್ ಎಂಬ ಜಾಗದಲ್ಲಿ ನೋಡಿ.

6. ಕ್ವಿಜ್, ಆಟ, ಬೇರೆ ಆಪ್‌ಗಳ ಲಾಗಿನ್

ಫೇಸ್‌ಬುಕ್‌ನಲ್ಲಿ ಆಪ್ಸ್ ಅಂಡ್ ವೆಬ್‌ಸೈಟ್ಸ್ ಎಂಬ ಪಟ್ಟಿ ತೆರೆಯಿರಿ. ಫೇಸ್‌ಬುಕ್ ಅಕೌಂಟ್‌ನಿಂದ ಲಾಗಿನ್ ಆದ ಬೇರೆ ಆಪ್‌ಗಳೆಲ್ಲ ಅಲ್ಲಿ ಕಾಣುತ್ತವೆ. ಬಳಸದವನ್ನು ತೆಗೆದುಹಾಕಿ. ಗೂಗಲ್ ಅಕೌಂಟ್‌ನಲ್ಲೂ ಇಂಥ ಪಟ್ಟಿ ಇದೆ. "ನಿಮ್ಮ ಮೊದಲ ಶಾಲೆ, ಮೊದಲ ಸಾಕುನಾಯಿಯ ಹೆಸರು ಹೇಳಿ" ಎಂಬಂಥ ಆಟಗಳಿಗೆ ಉತ್ತರ ಕೊಡಬೇಡಿ. ಪಾಸ್‌ವರ್ಡ್ ಮರೆತಾಗ ಕೆಲವು ಸೈಟ್‌ಗಳು ಕೇಳುವುದು ಅವೇ ಪ್ರಶ್ನೆಗಳನ್ನು.

7. ಫಾರ್ವರ್ಡ್ ಒತ್ತುವ ಮೊದಲು

2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಎಂಐಟಿ ಸಂಶೋಧಕರ ಒಂದು ಅಧ್ಯಯನ ಬಂತು. ಟ್ವಿಟರ್‌ನಲ್ಲಿ ನಿಜ ಸುದ್ದಿಗಿಂತ ಸುಳ್ಳು ಸುದ್ದಿ ರೀಟ್ವೀಟ್ ಆಗುವ ಸಾಧ್ಯತೆ 70 ಶೇಕಡಾ ಹೆಚ್ಚು ಎಂದು ಅದು ತೋರಿಸಿತು. ಈ ವ್ಯತ್ಯಾಸಕ್ಕೆ ಕಾರಣ ಯಂತ್ರಗಳಲ್ಲ, ಮನುಷ್ಯರೇ. ಹೊಸದಾಗಿ, ಬೆರಗು ಹುಟ್ಟಿಸುವಂತಿದ್ದರೆ ನಮ್ಮ ಕೈ ತಡೆಯುವುದಿಲ್ಲ.

ವಾಟ್ಸ್‌ಆಪ್‌ನಲ್ಲಿ ಎರಡು ಬಾಣದ ಗುರುತು ಇದ್ದರೆ ಆ ಮೆಸೇಜ್ ಬಹಳ ಕೈ ದಾಟಿ ಬಂದಿದೆ ಎಂದರ್ಥ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಆ ಗುರುತು ಕಂಡರೆ ನಿಲ್ಲಿ. ಫೋಟೊ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ ಹುಡುಕಿ, ಎಷ್ಟೋ ಸಲ ಅದು ಹಳೆಯದು ಅಥವಾ ಬೇರೆ ದೇಶದ್ದು ಎಂದು ಗೊತ್ತಾಗುತ್ತದೆ.

ಎಲ್ಲಕ್ಕಿಂತ ಅಪಾಯ "ಇವನನ್ನು ನೋಡಿ, ಎಲ್ಲರಿಗೂ ಕಳಿಸಿ" ಎಂಬ ಪೋಸ್ಟ್. 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ದಾಳಿಯ ನಂತರ ರೆಡ್ಡಿಟ್ ಎಂಬ ಚರ್ಚೆಯ ಸೈಟ್‌ನಲ್ಲಿ ಜನ ತಾವೇ ತನಿಖೆಗೆ ಇಳಿದರು. ಸಂಬಂಧವೇ ಇಲ್ಲದ ಒಬ್ಬ ವಿದ್ಯಾರ್ಥಿಯ ಹೆಸರು ಎಲ್ಲೆಡೆ ಹರಡಿತು. ಆಗಲೇ ಕಾಣೆಯಾಗಿದ್ದ ಅವನಿಗಾಗಿ ಮನೆಯವರು ಹುಡುಕುತ್ತಿದ್ದರು. ರೆಡ್ಡಿಟ್ ಸಂಸ್ಥೆ ಆಮೇಲೆ ಬಹಿರಂಗವಾಗಿ ಕ್ಷಮೆ ಕೇಳಿತು. ಆ ಮನೆಯವರು ಅಷ್ಟರಲ್ಲಿ ಅನುಭವಿಸಿದ್ದನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ? ನಿಮಗೆ ಎಷ್ಟೇ ಸಿಟ್ಟು ಬಂದಿದ್ದರೂ ಯಾರ ಮುಖ, ಮನೆ ವಿಳಾಸ, ನಂಬರ್ ಕೂಡ ಹಂಚಬೇಡಿ. ಮಾಹಿತಿ ಇದ್ದರೆ ಪೊಲೀಸರಿಗೆ ಕೊಡಿ.

ತಪ್ಪು ಸುದ್ದಿ ಕಳಿಸಿಬಿಟ್ಟಿದ್ದರೆ ಸುಮ್ಮನೆ ಡಿಲೀಟ್ ಮಾಡಿದರೆ ಸಾಲದು. ಓದಿದವರು ಓದಿಯಾಗಿರುತ್ತದೆ. ಅದೇ ಗ್ರೂಪ್‌ನಲ್ಲಿ "ನಾನು ಕಳಿಸಿದ್ದು ಸುಳ್ಳು, ಮುಂದೆ ಕಳಿಸಬೇಡಿ" ಎಂದು ಬರೆಯಿರಿ.

8. ಎಡವಟ್ಟಾದರೆ ಯಾವ ಕ್ರಮದಲ್ಲಿ ಏನು ಮಾಡಬೇಕು

ಬಹಳ ಜನ ಮೊದಲು ಬ್ಲಾಕ್ ಮಾಡುತ್ತಾರೆ, ಚಾಟ್ ಅಳಿಸುತ್ತಾರೆ. ಆಮೇಲೆ ದೂರು ಕೊಡಲು ಕೈಯಲ್ಲಿ ಏನೂ ಇರುವುದಿಲ್ಲ. ಮೊದಲು ಸಾಕ್ಷಿ ಉಳಿಸಿ: ದಿನಾಂಕ, ಹೊತ್ತು, ಅಕೌಂಟ್ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್, ಜೊತೆಗೆ ಪ್ರೊಫೈಲ್‌ನ ಲಿಂಕ್. ಹೆಸರನ್ನು ಬದಲಿಸಬಹುದು, ಲಿಂಕ್ ಇದ್ದರೆ ಹುಡುಕಲು ಸುಲಭ. ನಂತರ ಆಪ್‌ನಲ್ಲಿ ರಿಪೋರ್ಟ್ ಮಾಡಿ. ಆಮೇಲೆ ಬ್ಲಾಕ್ ಮಾಡಿ. ಬೆದರಿಕೆ ಇದ್ದರೆ ಪೊಲೀಸರ ಬಳಿ ಹೋಗಿ.

ನಿಮ್ಮ ಹೆಸರಿನ ನಕಲಿ ಅಕೌಂಟ್ ಕಂಡರೆ ಪರಿಚಯದವರಿಗೆ ಫೋನ್ ಮೂಲಕ ತಿಳಿಸಿ. ನಿಮ್ಮ ಅಕೌಂಟೇ ಕೈತಪ್ಪಿದ್ದರೆ, ಮರಳಿ ಸಿಕ್ಕ ಮೇಲೆ ಪಾಸ್‌ವರ್ಡ್ ಬದಲಿಸುವುದಷ್ಟೇ ಅಲ್ಲ, ಕಳ್ಳರು ತಮ್ಮ ಇಮೇಲ್ ಅಥವಾ ನಂಬರ್ ಸೇರಿಸಿದ್ದಾರಾ ನೋಡಿ. ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ. ಇಮೇಲ್‌ನ ಫಾರ್ವರ್ಡಿಂಗ್ ಸೆಟ್ಟಿಂಗ್ ಕೂಡ ನೋಡಿ. ನಿಮ್ಮ ಮೇಲ್‌ಗಳ ಪ್ರತಿ ಅವರಿಗೆ ಹೋಗುವಂತೆ ಇಟ್ಟಿರಬಹುದು.

ಖಾಸಗಿ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದರೆ ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ನಂಬುವ ಒಬ್ಬರಿಗೆ ಹೇಳಿ, ಒಬ್ಬರೇ ಕೊರಗಬೇಡಿ. ತಪ್ಪು ಹೆದರಿಸುವವರದ್ದು, ನಿಮ್ಮದಲ್ಲ. ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆ 2021ರಿಂದ ಇದೆ, 18 ದಾಟಿದವರಿಗೆ. ನಿಮ್ಮ ಫೋನ್‌ನಲ್ಲಿಯೇ ಆ ಫೋಟೊದಿಂದ ಹ್ಯಾಶ್ ಎಂಬ ಅಂಕಿ-ಅಕ್ಷರಗಳ ಗುರುತನ್ನು ಅದು ತಯಾರಿಸುತ್ತದೆ. ಹ್ಯಾಶ್‌ನಿಂದ ಫೋಟೊವನ್ನು ಮರಳಿ ಪಡೆಯಲಾಗದು. ಫೋಟೊ ನಿಮ್ಮ ಫೋನ್‌ನಲ್ಲೇ ಉಳಿಯುತ್ತದೆ, ಆ ಗುರುತು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಕಂಪನಿಗಳಿಗೆ ಹೋಗುತ್ತದೆ. ಅದೇ ಫೋಟೊವನ್ನು ಯಾರಾದರೂ ಅಲ್ಲಿ ಹಾಕಿದರೆ ಪತ್ತೆ ಮಾಡಿ ತಡೆಯಬಹುದು. 18 ತುಂಬುವ ಮೊದಲು ತೆಗೆದ ಫೋಟೊಗಳಿಗೆ ಟೇಕ್ ಇಟ್ ಡೌನ್ ಎಂಬ ಇಂಥದ್ದೇ ಸೇವೆ ಇದೆ.

9. ಬೇಡವಾದ ಅಕೌಂಟ್ ಮುಚ್ಚುವುದು

ಮೊದಲ ಹಂತದಲ್ಲಿ ಸಿಕ್ಕ ಹಳೆಯ ಅಕೌಂಟ್‌ಗಳಿಗೆ ಇದು. ಡಿಆಕ್ಟಿವೇಟ್ ಮತ್ತು ಡಿಲೀಟ್ ಬೇರೆ ಬೇರೆ. ಡಿಆಕ್ಟಿವೇಟ್ ಮಾಡಿದರೆ ಅಕೌಂಟ್ ಮರೆಗೆ ಸರಿಯುತ್ತದೆ ಅಷ್ಟೇ, ಮಾಹಿತಿಯೆಲ್ಲ ಹಾಗೇ ಇರುತ್ತದೆ. ಮುಗಿಸುವುದೇ ಆದರೆ ಡಿಲೀಟ್ ಆರಿಸಿ.

ಅದಕ್ಕೆ ಮುಂಚೆ ನಿಮ್ಮ ಮಾಹಿತಿಯ ಪ್ರತಿಯನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಆ ಅಕೌಂಟ್‌ನಿಂದ ಲಾಗಿನ್ ಆಗುವ ಬೇರೆ ಆಪ್‌ಗಳಿದ್ದರೆ ಅವಕ್ಕೆ ಪಾಸ್‌ವರ್ಡ್ ಮಾಡಿಕೊಳ್ಳಿ, ಇಲ್ಲದಿದ್ದರೆ ಅವೂ ಕೈತಪ್ಪುತ್ತವೆ. ಫೇಸ್‌ಬುಕ್‌ನಲ್ಲಿ ಡಿಲೀಟ್ ಒತ್ತಿದ ಮೇಲೆ 30 ದಿನ ಕಾಯುತ್ತಾರೆ. ಅಷ್ಟರೊಳಗೆ ಲಾಗಿನ್ ಆಗಿ ರದ್ದು ಮಾಡಲು ಅವಕಾಶವಿರುತ್ತದೆ. ಆ ಸೆಳೆತ ಬೇಡವೆಂದರೆ ಆಪ್ ಅನ್ನೂ ಫೋನ್‌ನಿಂದ ತೆಗೆದುಬಿಡಿ. ನೀವು ಹಾಕಿದ್ದೆಲ್ಲ ಪೂರ್ತಿ ಅಳಿಯಲು 90 ದಿನಗಳವರೆಗೆ ಹಿಡಿಯಬಹುದು ಎಂದು ಕಂಪನಿ ಹೇಳುತ್ತದೆ. ನೀವು ಬೇರೆಯವರಿಗೆ ಕಳಿಸಿದ ಮೆಸೇಜ್‌ಗಳು ಅವರ ಇನ್‌ಬಾಕ್ಸ್‌ನಲ್ಲಿ ಉಳಿಯುತ್ತವೆ. ಅವುಗಳಲ್ಲಿ ಹೋಗಲೇಬೇಕಾದದ್ದು ಏನಾದರೂ ಇದ್ದರೆ, ಅಕೌಂಟ್ ಮುಚ್ಚುವ ಮೊದಲೇ ಅವರಿಗೆ ಫೋನ್ ಮಾಡಿ ಅಳಿಸಲು ಕೇಳಿಕೊಳ್ಳಿ.